ವಿದೇಶ ಪ್ರವಾಸದಲ್ಲಿ ಹಣದ ನಿರ್ವಹಣೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ಮಾತು. ಕೋಶವೆಂಬ ಶಬ್ದಕ್ಕೆ ಗ್ರಂಥವೆಂದೂ ಭಂಡಾರವೆಂದೂ ಅರ್ಥವುಂಟು. ದೇಶ ಸುತ್ತುವವರು ಈ ಎರಡನೆಯ ಕೋಶದ ವಿಚಾರವನ್ನೂ ಬಲ್ಲವರಾಗಿರಬೇಕು. ಇಂದು ಅನೇಕ ನಿವೃತ್ತ ಶಿಕ್ಷಕರೂ ಪಾಲಕರೂ ಮಕ್ಕಳನ್ನು ಕಾಣಲು ಲಂಡನ್ನಿನಂಥ ದೂರದ ನಗರಗಳಿಗೆ ಹೋಗಿಬರುತ್ತಿದ್ದಾರೆ. ಪರಸ್ಥಳದಲ್ಲಿ ಕೈಯಲ್ಲಿ ಹಣವಿದ್ದೂ ಅದು ನಡೆಯದೆ ಹೋದರೆ ಒದಗುವ ಅಸಹಾಯಕತೆ ಸಾಮಾನ್ಯವಾದುದಲ್ಲ. ಆದುದರಿಂದ ಈ ವಿಷಯದಲ್ಲಿ ಕೆಲವು ಸಂಗತಿಗಳನ್ನು ತಿಳಿದಿರುವುದು ಅವಶ್ಯ.

1973ರ ವಿದೇಶ ವಿನಿಮಯ ನಿಯಂತ್ರಣ ಕಾಯಿದೆಯ ಕಾಲದಲ್ಲಿ ಪ್ರವಾಸಿಗೆ ದೊರೆಯುತ್ತಿದ್ದ ವಿದೇಶೀ ಹಣ ಅತ್ಯಲ್ಪ. 1999ರ ವಿದೇಶ ವಿನಿಮಯ ನಿರ್ವಹಣಾ ಕಾಯಿದೆಯು 2000ದ ಜೂನ್ 1ರಿಂದ ಜಾರಿಗೆ ಬಂದ ಮೇಲೆ ಈ ಬಿಗಿ ಸಡಿಲವಾಯಿತು. ಈಗ ರಿಸರ್ವ್ ಬ್ಯಾಂಕಿನ ನಿಯಮದಂತೆ ಭಾರತದ ನಿವಾಸಿಯೊಬ್ಬರು ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರುಗಳವರೆಗೆ ಹೊರದೇಶಗಳಲ್ಲಿ ವಿನಿಯೋಗಿಸಬಹುದು. ಆದರೆ ಬಹುತೇಕ ದೇಶಗಳಿಗೆ ನೋಟುಗಳ ರೂಪದಲ್ಲಿ ಒಯ್ಯಬಹುದಾದುದು ಪ್ರವಾಸವೊಂದಕ್ಕೆ 3,000 ಡಾಲರುಗಳಿಗೆ ಸಮನಾದ ಮೊತ್ತ ಮಾತ್ರ. ಮರಳಿ ಬಂದಾಗಿನ ಖರ್ಚಿಗೆಂದು ಇರಿಸಿಕೊಳ್ಳುವ ನಮ್ಮ ರೂಪಾಯಿಯೂ 25,000ವನ್ನು ಮೀರಬಾರದು. ವಿನಿಮಯವನ್ನು ಬ್ಯಾಂಕಿನಲ್ಲಿ ಇಲ್ಲವೆ ಪರವಾನಗಿ ಪಡೆದ ವಿನಿಮಯದಾರರಲ್ಲಿಯೇ ಮಾಡಿಸಿ ರಸೀದಿಯನ್ನು ಜೋಪಾನವಾಗಿಡಬೇಕು.

ಹಿಂದಿನ ಪ್ರವಾಸಿಗಳ ಆಸರೆಯಾಗಿದ್ದ ಟ್ರಾವೆಲರ್ಸ್ ಚೆಕ್ ಇಂದು ಬಹುಮಟ್ಟಿಗೆ ಬಳಕೆ ತಪ್ಪಿದೆ. ಅದರ ಸ್ಥಾನಕ್ಕೆ ಮುಂಗಡವಾಗಿ ಹಣ ತುಂಬಿಸುವ ಫಾರೆಕ್ಸ್ ಕಾರ್ಡು ಬಂದಿದೆ. ಪೌಂಡುಗಳನ್ನು ತುಂಬಿಸಿದ ದಿನದ ದರವೇ ಅದಕ್ಕೆ ಸ್ಥಿರವಾಗುವುದರಿಂದ ಮುಂದೆ ಪೌಂಡಿನ ಬೆಲೆ ಏರಿದರೂ ಚಿಂತೆಯಿಲ್ಲ. ಬ್ಯಾಂಕಿನ ಸಾಮಾನ್ಯ ಕಾರ್ಡನ್ನು ಬಳಸಿದರಾದರೋ ಆಯಾ ಸಮಯದ ದರವಲ್ಲದೆ ಸಾಮಾನ್ಯವಾಗಿ ನೂರಕ್ಕೆ 2ರಿಂದ 3.5ರಷ್ಟು ಶುಲ್ಕವೂ ಅದರ ಮೇಲೆ ತೆರಿಗೆಯೂ ಬೀಳುತ್ತವೆ. ಇನ್ನೊಂದು ಮುಖ್ಯ ಸಂಗತಿಯೆಂದರೆ, 2020ರ ಅಕ್ಟೋಬರ್ 1ರಿಂದ ನೀಡಲಾಗುವ ಬ್ಯಾಂಕ್ ಕಾರ್ಡುಗಳು ಮೊದಲಿಗೆ ಭಾರತದೊಳಗೆ ಮಾತ್ರ ನಡೆಯುತ್ತವೆ. ವಿದೇಶದ ಬಳಕೆಗೆ ಕಾರ್ಡುದಾರರೇ ಬ್ಯಾಂಕಿನ ಮೂಲಕ ಅವಕಾಶ ಮಾಡಿಸಿಕೊಳ್ಳಬೇಕು. ಇದನ್ನು ಹೊರಡುವ ಮೊದಲೇ ಮುಗಿಸತಕ್ಕದ್ದು.

ಲಂಡನ್ನಿನ ಉದಾಹರಣೆಯಿಂದ ಈ ಸಿದ್ಧತೆಯ ಮಹತ್ವ ಸ್ಪಷ್ಟವಾಗುತ್ತದೆ. ಅಲ್ಲಿಯ ನಗರ ಬಸ್ಸುಗಳಲ್ಲಿ 2014ರ ಜುಲೈ 6ರಿಂದ ನಗದು ಹಣವನ್ನು ಸ್ವೀಕರಿಸುವುದಿಲ್ಲ. ಸ್ಪರ್ಶಮಾತ್ರದಿಂದ ಹಣ ಸಲ್ಲುವ ಕಾರ್ಡನ್ನು ಯಂತ್ರಕ್ಕೆ ತಾಗಿಸಬೇಕು. ಈ ರೀತಿಯ ಪ್ರಯಾಣದಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಕಾರ್ಡು ಬೇಕು. ಒಂದೇ ಕಾರ್ಡಿನಲ್ಲಿ ದಂಪತಿಗಳಿಬ್ಬರೂ ಹೋಗುವಂತಿಲ್ಲ. ಸುರಂಗ ರೈಲಿನಲ್ಲಿ ಒಳಹೋಗುವಾಗ ತಾಗಿಸಿದ ಕಾರ್ಡನ್ನೇ ಹೊರಬರುವಾಗಲೂ ತಾಗಿಸಬೇಕು. ಹಿಂದೆ ಹೋಗಿಬಂದ ಬಂಧುಗಳು ಕೊಡುವ ನೋಟುಗಳನ್ನೂ ಪರೀಕ್ಷಿಸಿಕೊಳ್ಳಬೇಕು. 20 ಹಾಗೂ 50 ಪೌಂಡುಗಳ ಕಾಗದದ ನೋಟುಗಳ ಚಲಾವಣೆ 2022ರ ಸೆಪ್ಟೆಂಬರ್ 30ಕ್ಕೆ ಕೊನೆಗೊಂಡಿತು. ಅಂಗಡಿಗಳಲ್ಲಿ ಅವು ನಡೆಯುವುದಿಲ್ಲವಾದರೂ ಬ್ಯಾಂಕ್ ಆಫ್ ಇಂಗ್ಲೆಂಡ್ ಅವನ್ನು ಬದಲಿಸಿಕೊಡುತ್ತದೆ.

ಅಂಗಡಿಯಲ್ಲಾಗಲಿ ಎ.ಟಿ.ಎಂ.ನಲ್ಲಾಗಲಿ ಬ್ಯಾಂಕಿನ ಕಾರ್ಡನ್ನು ಬಳಸುವಾಗ, ಲೆಕ್ಕ ಪೌಂಡಿನಲ್ಲಿರಬೇಕೋ ರೂಪಾಯಿಯಲ್ಲಿರಬೇಕೋ ಎಂದು ಯಂತ್ರವು ಕೇಳುವುದುಂಟು. ರೂಪಾಯಿ ನಮ್ಮದೆಂಬ ಅಭಿಮಾನದಿಂದ ಅದನ್ನು ಆರಿಸಿದರೆ ಸಾಮಾನ್ಯವಾಗಿ ನಷ್ಟವೇ ಆಗುತ್ತದೆ, ಏಕೆಂದರೆ ಅಲ್ಲಿ ಅನ್ವಯಿಸುವ ದರದಲ್ಲಿ ಮಧ್ಯವರ್ತಿಯ ಲಾಭವೂ ಸೇರಿರುತ್ತದೆ. ಆಯಾ ದೇಶದ ಹಣವನ್ನೇ ಆರಿಸುವುದು ಲೇಸು.

ನಮ್ಮ ಯು.ಪಿ.ಐ. ಪಾವತಿಯು 2024ರ ಫೆಬ್ರವರಿಯಲ್ಲಿ ಶ್ರೀಲಂಕಾ, ಮಾರಿಷಸ್‌ಗಳಲ್ಲಿಯೂ ಆರಂಭವಾದುದು ಹೆಮ್ಮೆಯ ವಿಷಯ. ಆದರೆ ಎಲ್ಲ ದೇಶಗಳಲ್ಲಿಯೂ ಅದು ನಡೆಯುವುದೆಂದು ನಂಬಿ ಹೊರಡುವುದು ಸರಿಯಲ್ಲ. ಬ್ಯಾಂಕಿನ ಓ.ಟಿ.ಪಿ. ಬರುವ ಮೊಬೈಲ್ ಸಂಖ್ಯೆಯು ಹೊರದೇಶದಲ್ಲಿಯೂ ಚಾಲನೆಯಲ್ಲಿರುವಂತೆ ನೋಡಿಕೊಳ್ಳಬೇಕು.

ನೋಟು, ಫಾರೆಕ್ಸ್ ಕಾರ್ಡು, ಬ್ಯಾಂಕ್ ಕಾರ್ಡು ಈ ಮೂರನ್ನೂ ಒಂದೇ ಚೀಲದಲ್ಲಿ ಇಡಬಾರದು. ಚೀಲ ಕಳೆದರೆ ಮೂರೂ ಒಟ್ಟಿಗೆ ಕಳೆಯುತ್ತವೆ. ಕಾರ್ಡನ್ನು ತಡೆಹಿಡಿಸಲು ಬೇಕಾದ ದೂರವಾಣಿ ಸಂಖ್ಯೆಯನ್ನು ಕಾಗದದಲ್ಲಿ ಬರೆದು ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು. ಪಿನ್ ಸಂಖ್ಯೆಯನ್ನು ಮಾತ್ರ ಎಲ್ಲಿಯೂ ಬರೆದಿಡಲಾಗದು. ಮರಳಿದ ಮೇಲೆ 2,000 ಡಾಲರುಗಳಿಗೆ ಸಮನಾದ ನೋಟುಗಳನ್ನು ಮುಂದಿನ ಪ್ರವಾಸಕ್ಕೆ ಉಳಿಸಿಕೊಳ್ಳಬಹುದು. ಹೆಚ್ಚಿನದನ್ನು 180 ದಿನಗಳೊಳಗೆ ಹಿಂದಿರುಗಿಸಬೇಕು.

ಹಣ ಎಷ್ಟಿದೆ ಎಂಬುದಕ್ಕಿಂತ ಅದು ಎಲ್ಲಿ, ಯಾವ ರೂಪದಲ್ಲಿ ನಡೆಯುತ್ತದೆ ಎಂಬ ಅರಿವು ಪ್ರವಾಸಿಗೆ ದೊಡ್ಡ ಆಸರೆ. ಮೊದಲ ಸಲ ಪರದೇಶಕ್ಕೆ ಹೊರಟ ಹಿರಿಯರಿಗೆ ಈ ಅರಿವನ್ನು ಮೂಡಿಸುವುದು ಮನೆಯ ಕಿರಿಯರ ಕರ್ತವ್ಯವೂ ಆಗಿದೆ.