ಹಾಲುಣ್ಣುವಾಗ ಬೆವರುವ ಕೂಸು

ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವಂಬರ 1ರಂದೇ ಬೀದರ ಜಿಲ್ಲೆಯ ಉದಗೀರ, ನಿಲಂಗಾ ತಾಲೂಕುಗಳು ಮುಂಬಯಿ ರಾಜ್ಯದ ಪಾಲಾದುವು. ಅಲ್ಲಿಯೂ ನೆರೆಯ ಉಮರ್ಗಾದಲ್ಲಿಯೂ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಮರಾಠಿ ಎಂಬ ಸಂಸಾರಗಳಿವೆ. ನಮ್ಮ ಹೆಣ್ಣುಮಕ್ಕಳು ಹೆರಿಗೆಗೆ ಪುತ್ತೂರಿಗೋ ಬಂಟ್ವಾಳಕ್ಕೋ ಹೋಗುವಂತೆ, ಅಲ್ಲಿಯವರಿಗೆ ಆಳಂದವೋ ಭಾಲ್ಕಿಯೋ ತವರಾಗಿರುವುದುಂಟು. ಮಕ್ಕಳ ಹೃದ್ರೋಗದ ಮಟ್ಟಿಗೆ ಈ ವಾಡಿಕೆಯಲ್ಲಿ ಒಂದು ತೊಡಕಿದೆ.

ಸಾವಿರ ಶಿಶುಗಳಲ್ಲಿ ಸುಮಾರು 8ಕ್ಕೆ ಹುಟ್ಟಿನಿಂದಲೇ ಹೃದಯದೋಷವಿರುತ್ತದೆ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಣ ಗೋಡೆಯ ರಂಧ್ರ ಇವುಗಳಲ್ಲಿ ಸಾಮಾನ್ಯ. ಸಣ್ಣದಾದರೆ ಬಹುಮಟ್ಟಿಗೆ ತಾನೇ ಮುಚ್ಚೀತು. ದೊಡ್ಡದಾದರೆ, ಕೆಲವು ವಾರಗಳಲ್ಲಿ ಶ್ವಾಸಕೋಶದ ರಕ್ತನಾಳಗಳು ಸಡಿಲಗೊಂಡೊಡನೆ ರಕ್ತ ಅತ್ತ ನುಗ್ಗಿ, ಹೃದಯ ದುಡಿದು ಸೋಲುತ್ತದೆ. ಕೂಸು ಹಾಲುಣ್ಣುವಾಗ ಏದುಸಿರು ಬಿಡುತ್ತದೆ, ಹಣೆ ಬೆವರುತ್ತದೆ, ತೂಕ ಏರದು. ದೃಷ್ಟಿ ತಾಗಿತೆನ್ನುತ್ತೇವೆ, ತಾಯಿಯ ಹಾಲನ್ನು ದೂರುವುದಂತೂ ನಮಗೆ ಬಹು ಸುಲಭ.

ಔಷಧಿಯಿಂದ ಸ್ವಲ್ಪ ಕಾಲ ತಡೆಯಬಹುದು. ದೊಡ್ಡ ರಂಧ್ರವನ್ನು ಮುಚ್ಚಲು ಶಸ್ತ್ರಚಿಕಿತ್ಸೆಯೇ ಬೇಕು. 1954ರ ಮಾರ್ಚಿ 26ರಂದು ಅಮೆರಿಕದ ಮಿನ್ನೆಸೋಟದಲ್ಲಿ ಡಾ. ವಾಲ್ಟನ್ ಲಿಲ್ಲಿಹೈ ಅವರು ಒಂದು ಮಗುವನ್ನು ಕೊಳವೆಗಳಿಂದ ತಂದೆಯ ರಕ್ತನಾಳಗಳಿಗೆ ಜೋಡಿಸಿ, ತಂದೆಯ ದೇಹವೇ ಮಗುವಿನ ರಕ್ತವನ್ನು ಶುದ್ಧಮಾಡುತ್ತಿರಲು, ರಂಧ್ರವನ್ನು ಹೊಲಿದರು. ಆ ಮಗು ಕೆಲವು ದಿನಗಳಲ್ಲಿ ನ್ಯುಮೋನಿಯದಿಂದ ತೀರಿಕೊಂಡಿತು. ಆದರೆ ಆ ಕ್ರಮದಲ್ಲಿ ಚಿಕಿತ್ಸೆ ಪಡೆದ 45 ಮಂದಿಯಲ್ಲಿ 28 ಮಂದಿ ಬದುಕಿ ಮನೆಗೆ ಹೋದರು. ತಂದೆಯ ಆ ಕೆಲಸವನ್ನು ಈಗ ಯಂತ್ರ ಮಾಡುತ್ತದೆ. ಎಳೆಗೂಸುಗಳಿಗೂ ಇದು ರೂಢಿಯ ಶಸ್ತ್ರಚಿಕಿತ್ಸೆಯಾಗಿದೆ.

ಇಂತಹ ದೊಡ್ಡ ರಂಧ್ರವನ್ನು ಸಾಮಾನ್ಯವಾಗಿ ಮೊದಲ ವರ್ಷದೊಳಗೇ ಮುಚ್ಚಬೇಕು. ಬಿಟ್ಟರೆ ಶ್ವಾಸಕೋಶದ ನಾಳಗಳು ಗಡುಸಾಗುತ್ತವೆ. ಆಗ ಏದುಸಿರು, ಬೆವರು ಕಡಿಮೆಯಾಗುವುದೂ ಉಂಟು. ಮನೆಯವರು ಗುಣವಾಯಿತೆಂದು ಹರಕೆ ಸಲ್ಲಿಸುತ್ತಾರೆ. ಮುಂದೆ ತುಟಿ ನೀಲಿಗಟ್ಟಿದಾಗ ರಂಧ್ರ ಮುಚ್ಚುವಂತೆಯೇ ಇರುವುದಿಲ್ಲ.

ಲಕ್ಷಣಗಳು ತೋರುವ ಈ ಆರು ಎಂಟು ವಾರಗಳ ಹೊತ್ತಿಗೆ ಬಾಣಂತಿ ತವರಿನಲ್ಲಿ. ರೇಶನ್ ಕಾರ್ಡು ಗಂಡನ ಮನೆಯಲ್ಲಿ, ಬೇರೆ ರಾಜ್ಯದಲ್ಲಿ. ಹದಿನೆಂಟರೊಳಗಿನವರಿಗಾಗಿ 2013ರಲ್ಲಿ ಕೇಂದ್ರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾಯಿತು. ಮಹಾರಾಷ್ಟ್ರದಲ್ಲಿ ಮಹಾತ್ಮಾ ಫುಲೆ ಯೋಜನೆಯಿದೆ. ನಮ್ಮ ಕೇರಳದಲ್ಲಿ 2017ರಿಂದ ಹೃದ್ಯಂ. ರಾಜ್ಯದ ನೆರವು ಕೇಳುವಲ್ಲಿ ಆಯಾ ರಾಜ್ಯದ ಕಾಗದಪತ್ರ ಬೇಕಾಗುತ್ತದೆ. ಗಂಡನ ಊರಿಗೆ ಮರಳಿದ ಮೇಲೆ ನೋಡೋಣವೆಂದು ಕುಳಿತರೆ ತಿಂಗಳುಗಳು ಕಳೆದಾವು. ಎಕೊ ಪರೀಕ್ಷೆಗೆ ಯಾವ ಗಡಿಯೂ ಇಲ್ಲ; ಆಳಂದದವರಿಗೆ ಕಲಬುರಗಿಯ ಜಯದೇವ ಆಸ್ಪತ್ರೆ ಹತ್ತಿರವೇ. ಪರೀಕ್ಷೆ ತವರಿನಲ್ಲೇ ಆಗಲಿ. ಅಷ್ಟರಲ್ಲಿ ಕಾರ್ಡು ಹಿಡಿದು ಮಗುವಿನ ತಂದೆ ಬಸ್ಸು ಹತ್ತಲಿ.