ಕಳೆದುಹೋದ ಮೂರು ವೋಲ್ಟು

ಸತ್ತ ಬ್ಯಾಟರಿ ಹೀಗೆ ನಡೆದುಕೊಳ್ಳುವುದಿಲ್ಲ. ಸೆಲ್ಫ್ ಬಟನ್ ಒತ್ತಿ ಹಿಡಿದರೆ ಎಂಜಿನ್ ನರಳುತ್ತ ಅರ್ಧ ಸುತ್ತು ತಿರುಗಿ ನಿಂತುಬಿಡುತ್ತಿತ್ತು. ಆ ಹೊತ್ತಿನಲ್ಲೂ ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ಮೀಟರ್ 11.3 ವೋಲ್ಟ್ ತೋರಿಸುತ್ತಿತ್ತು. ಕಸುವು ಕಳೆದುಕೊಂಡ 12 ವೋಲ್ಟ್ ಬ್ಯಾಟರಿಯಾಗಿದ್ದರೆ ಸ್ಟಾರ್ಟರ್ ಮೋಟಾರಿನ ಭಾರ ಬಿದ್ದ ಕೂಡಲೇ ಒಂಬತ್ತಕ್ಕೋ ಎಂಟಕ್ಕೋ ಕುಸಿಯಬೇಕಿತ್ತು. ಇದು ಕುಸಿಯಲಿಲ್ಲ, ಗಾಡಿಯೂ ಸ್ಟಾರ್ಟ್ ಆಗಲಿಲ್ಲ.

ಗಾಡಿ ನನ್ನ ತಂಗಿಯ ಮಗನದು. 150 ಸಿಸಿ, ಸೆಕೆಂಡ್ ಹ್ಯಾಂಡ್, ಕಿಕ್ಕರ್ ಇಲ್ಲದ ಮಾಡೆಲ್. ಕೊಳ್ಳುವಾಗ ಅದರ ಕಪ್ಪು ಫ್ರೇಮ್ ಶೋರೂಮಿನಿಂದ ಈಗಷ್ಟೇ ಹೊರಬಂದಂತೆ ಹೊಳೆಯುತ್ತಿತ್ತು. ಮೊದಲ ಮಳೆಗಾಲದಲ್ಲೇ ಬೆಳಗಿನ ಹೊತ್ತು ‘ಕಟ್ ಕಟ್’ ಶುರುವಾಯಿತು. ಹಾಸನದಲ್ಲಿ ಯಾವ ಗ್ಯಾರೇಜಿಗೆ ತಳ್ಳಿಕೊಂಡು ಹೋದರೂ ಸಿಕ್ಕಿದ್ದು ಒಂದೇ ಉತ್ತರ: ಬ್ಯಾಟರಿ ಡೌನ್. ಹೊಸದು ಹಾಕಿದರು. ಕೆಲವು ವಾರ ಚೆನ್ನಾಗಿ ಎತ್ತಿತು, ಮತ್ತೆ ಅದೇ ಹಾಡು. ಸ್ಟಾರ್ಟರ್ ರಿಲೇ ಬದಲಾಯಿತು, ಮೋಟಾರಿನ ಕಾರ್ಬನ್ ಬದಲಾಯಿತು, ಇನ್ನೊಂದು ಬ್ಯಾಟರಿಯೂ ಬಂತು. ಹುಡುಗನ ಸಂಬಳದಲ್ಲಿ ಇದು ಸಣ್ಣ ಖರ್ಚಲ್ಲ. ಕಾಯಿಲೆ ಯಾವುದೆಂದು ಗೊತ್ತಾಗುವ ಮೊದಲೇ ಅಂಗಾಂಗ ಬದಲಿಸುವ ಈ ಪದ್ಧತಿಯ ಬಗ್ಗೆ ನನಗೆ ನಿಜವಾಗಿ ಸಿಟ್ಟಿದೆ.

ಮೊದಲು ಸುಲಭದ ಅನುಮಾನಗಳನ್ನು ತೀರಿಸಿಕೊಂಡೆವು. ಚಾರ್ಜ್ ಮಾಡಿ ರಾತ್ರಿ ಬಿಟ್ಟಾಗ ಬ್ಯಾಟರಿ 12.7 ವೋಲ್ಟ್ ಇತ್ತು, ಬೆಳಿಗ್ಗೆಯೂ 12.7. ಅಂದರೆ ನಿಂತಲ್ಲೇ ಕರೆಂಟ್ ಸೋರುತ್ತಿಲ್ಲ. ಜಂಪರ್ ಕೇಬಲ್ ಕೊಟ್ಟು ಎಂಜಿನ್ ಎಬ್ಬಿಸಿ, ಕೇಬಲ್ ತೆಗೆದು ಆಕ್ಸಿಲರೇಟರ್ ಏರಿಸಿದರೆ 14.1. ಸ್ಟೇಟರ್, ರೆಗ್ಯುಲೇಟರ್ ಎರಡೂ ತಮ್ಮ ಕೆಲಸ ಮಾಡುತ್ತಿವೆ. ಉಳಿದದ್ದು ಬಟನ್ ಒತ್ತಿದ ಆ ಎರಡು ಮೂರು ಸೆಕೆಂಡು ಮಾತ್ರ.

ಕರೆಂಟು ಕಡಿಮೆ ಹರಿಯುತ್ತಿದ್ದರೆ ತಪ್ಪು ಮೂಲದ್ದೋ, ದಾರಿಯದ್ದೋ? ಈ ಪ್ರಶ್ನೆ ಮೋಟಾರ್ ಸೈಕಲ್ಲಿಗಿಂತ ಬಹಳ ಹಳೆಯದು. ಜರ್ಮನಿಯ ಕಲೋನ್ ನಗರದಲ್ಲಿ ಶಾಲಾ ಮಾಸ್ತರರಾಗಿದ್ದ ಗೆಯೋರ್ಗ್ ಓಮ್ 1825ರಲ್ಲಿ ತಂತಿಯ ಉದ್ದ ಹೆಚ್ಚಿದಂತೆ ವಿದ್ಯುತ್ತಿನ ಪರಿಣಾಮ ಎಷ್ಟು ಕುಗ್ಗುತ್ತದೆ ಎಂದು ಅಳೆಯಲು ಹೊರಟರು. ಕೈಯಲ್ಲಿದ್ದದ್ದು ಆ ಕಾಲದ ವೋಲ್ಟಾ ಬ್ಯಾಟರಿ. ಸರ್ಕ್ಯೂಟ್ ಕೂಡಿಸಿದ ಕೂಡಲೇ ಅದರ ಬಲವೇ ಏರುಪೇರಾಗುತ್ತಿತ್ತು. ಆ ವರ್ಷ ಅವರು ಪ್ರಕಟಿಸಿದ ಸೂತ್ರ ಸರಿಯಿರಲಿಲ್ಲ. ವಿಜ್ಞಾನಿ ಪೊಗೆನ್‌ಡಾರ್ಫ್ ಒಂದು ಸಲಹೆ ಕೊಟ್ಟರು: ಬ್ಯಾಟರಿ ಬಿಡಿ, ಶಾಖದಿಂದ ವಿದ್ಯುತ್ ಹುಟ್ಟಿಸುವ ಜೋಡಿಲೋಹ ಬಳಸಿ. ಓಮ್ ಬಿಸ್ಮತ್ ಮತ್ತು ತಾಮ್ರದ ಜೋಡಿ ತೆಗೆದುಕೊಂಡು ಒಂದು ಬೆಸುಗೆಯನ್ನು ಕುದಿಯುವ ನೀರಿನ ಶಾಖದಲ್ಲಿ, ಇನ್ನೊಂದನ್ನು ಮಂಜುಗಡ್ಡೆಯ ತಂಪಿನಲ್ಲಿ ಇಟ್ಟರು. ಎರಡರ ಉಷ್ಣತೆಯೂ ಅಲುಗದು, ಹಾಗಾಗಿ ಮೂಲದ ಬಲವೂ ಅಲುಗದು. 1826ರಲ್ಲಿ ಬೇರೆ ಬೇರೆ ಉದ್ದದ ತಾಮ್ರದ ತಂತಿಗಳನ್ನು ಒಂದೊಂದಾಗಿ ಕೂಡಿಸಿ, ತೂಗುಬಿಟ್ಟ ಕಾಂತಸೂಜಿ ಎಷ್ಟು ತಿರುಗುತ್ತದೆ ಎಂದು ನೋಡಿದರು. ಮೂಲ ಸ್ಥಿರವಾದ ಮೇಲೆ ದಾರಿಯ ಲೆಕ್ಕ ನಿಚ್ಚಳವಾಯಿತು. ನಾವು ಶಾಲೆಯಲ್ಲಿ ಕಂಠಪಾಠ ಮಾಡುವ ನಿಯಮ ಬಂದದ್ದು ಹೀಗೆ. 1827ರಲ್ಲಿ ಅದು ಪುಸ್ತಕವಾಯಿತು. ತಾಯ್ನಾಡಿನಲ್ಲಿ ತಣ್ಣನೆಯ ಸ್ವಾಗತ ಪಡೆದ ಆ ಕೆಲಸಕ್ಕೆ ಲಂಡನ್ನಿನ ರಾಯಲ್ ಸೊಸೈಟಿ 1841ರಲ್ಲಿ ಕಾಪ್ಲಿ ಪದಕ ಕೊಟ್ಟಿತು. ಎರಡು ಅನುಮಾನಗಳಲ್ಲಿ ಒಂದನ್ನು ಅಲುಗದಂತೆ ಕಟ್ಟಿಹಾಕಿ ಇನ್ನೊಂದನ್ನು ನೋಡಿದ ಆ ಜಾಣ್ಮೆಯನ್ನು ನಾನು ಅವರ ಸೂತ್ರಕ್ಕಿಂತಲೂ ಹೆಚ್ಚು ಮೆಚ್ಚುತ್ತೇನೆ.

ನಮ್ಮ ಗಾಡಿಯಲ್ಲಿ 11.3 ಹೇಳಿದ್ದೂ ಅದನ್ನೇ. ಭಾರದಲ್ಲೂ ಮೂಲ ನಿಂತಿದೆ, ದಾರಿ ನೋಡಿ.

ದಾರಿಯನ್ನು ಓಮ್ ರೇಂಜಿನಲ್ಲಿ ಅಳೆದಾಗ ಎಲ್ಲ ಸರಿಯಾಗಿಯೇ ಕಂಡಿತ್ತು. ಬ್ಯಾಟರಿಯ ನೆಗೆಟಿವ್‌ನಿಂದ ಎಂಜಿನ್ನಿನ ಮೈಗೆ ಮೀಟರ್ ಹಿಡಿದರೆ, ಎರಡು ಪ್ರೋಬ್ ಒಂದಕ್ಕೊಂದು ತಾಗಿಸಿದಾಗ ಎಷ್ಟು ಬರುತ್ತದೋ ಹೆಚ್ಚುಕಡಿಮೆ ಅಷ್ಟೇ. ಇಲ್ಲೇ ಎಲ್ಲರೂ ಕೈಬಿಟ್ಟದ್ದು. ಸಾಧಾರಣ ಮಲ್ಟಿಮೀಟರ್ ತಡೆ ಅಳೆಯುವಾಗ ಹಾಯಿಸುವ ಕರೆಂಟು ತೀರ ಸಣ್ಣದು. ಸ್ಟಾರ್ಟರ್ ಮೋಟಾರಿನ ಹಸಿವು ಬೇರೆಯೇ. ಅಮೆರಿಕದ ಡೇಟನ್ ನಗರದ ಚಾರ್ಲ್ಸ್ ಕೆಟರಿಂಗ್ 1911ರಲ್ಲಿ ಕಾರಿಗೆ ಎಲೆಕ್ಟ್ರಿಕ್ ಸ್ಟಾರ್ಟರ್ ಮಾಡಿದಾಗ ಹಿಡಿದ ಸೂಕ್ಷ್ಮವೂ ಇದೇ. ಕಾರಿನ ಎಂಜಿನ್ ತಿರುಗಿಸುವಷ್ಟು ಬಲದ ಮೋಟಾರು ಕಾರಿನಲ್ಲಿ ಹಿಡಿಸದಷ್ಟು ದೊಡ್ಡದಾಗುತ್ತದೆ ಎಂಬ ನಂಬಿಕೆ ಆಗ ಇತ್ತು. ಕೆಟರಿಂಗ್ ಅದಕ್ಕೂ ಮೊದಲು ಅಂಗಡಿಗಳ ಕ್ಯಾಶ್ ರಿಜಿಸ್ಟರಿಗೆ ಎಲೆಕ್ಟ್ರಿಕ್ ಮೋಟಾರು ಅಳವಡಿಸಿದ್ದರು. ದಿನವಿಡೀ ಓಡಬೇಕಿಲ್ಲದ ಮೋಟಾರಿನಿಂದ ಕೆಲವು ಕ್ಷಣ ಅದರ ಶಕ್ತಿ ಮೀರಿ ದುಡಿಸಿಕೊಳ್ಳಬಹುದು ಎಂದು ಅವರಿಗೆ ಅನುಭವದಿಂದ ಗೊತ್ತಿತ್ತು. 1912ರ ಕ್ಯಾಡಿಲಾಕ್ ಕಾರುಗಳು ಆ ಸ್ಟಾರ್ಟರ್ ಹೊತ್ತು ಬಂದವು. ಇವತ್ತಿನ ಬೈಕಿನ ಪುಟ್ಟ ಮೋಟಾರೂ ಅದೇ ಸಂತತಿ: ಕ್ಷಣಕಾಲ ಬದುಕುತ್ತದೆ, ಆ ಕ್ಷಣದಲ್ಲಿ ಹತ್ತಾರು ಆಂಪಿಯರ್ ಬೇಡುತ್ತದೆ. 40 ಆಂಪಿಯರ್ ಎಂದಿಟ್ಟುಕೊಳ್ಳಿ. ದಾರಿಯಲ್ಲಿ 0.07 ಓಮ್ ತಡೆಯಿದ್ದರೆ ಸಾಕು, 2.8 ವೋಲ್ಟ್ ಅಲ್ಲೇ ಶಾಖವಾಗಿ ಮುಗಿಯುತ್ತದೆ. ಆ 0.07 ನಮ್ಮ ಮೀಟರಿನ ಓಮ್ ರೇಂಜಿಗೆ ಇಲ್ಲದ ಹಾಗೆಯೇ.

ಹಾಗಾಗಿ ವೋಲ್ಟ್ ರೇಂಜಿನಲ್ಲೇ, ಮೋಟಾರು ಎಳೆಯುತ್ತಿರುವಾಗಲೇ ಅಳೆಯಬೇಕು. ಕಾರ್ಬನ್ ಬದಲಿಸಿದ್ದ ಮೆಕ್ಯಾನಿಕ್‌ನೇ ಕುತೂಹಲದಿಂದ ಬಂದು ಬಟನ್ ಒತ್ತಲು ನಿಂತ. ಸ್ಟಾರ್ಟರ್ ಮೋಟಾರಿನ ಟರ್ಮಿನಲ್‌ಗೂ ಎಂಜಿನ್ನಿನ ಮೈಗೂ ನಡುವೆ 8.1 ವೋಲ್ಟ್. ಬ್ಯಾಟರಿಯಿಂದ ಹೊರಟದ್ದು 11.3. ಮೂರು ಚಿಲ್ಲರೆ ವೋಲ್ಟು ನಡುದಾರಿಯಲ್ಲಿ ಕಾಣೆ. ಪಾಸಿಟಿವ್ ಬದಿ ನೋಡಿದೆವು. ಬ್ಯಾಟರಿಯ ಪ್ಲಸ್‌ನಿಂದ ರಿಲೇ ದಾಟಿ ಮೋಟಾರಿನವರೆಗೆ ಬರೀ 0.3. ಹೊಸ ರಿಲೇ ಹಾಕಿದ್ದು ಸುಮ್ಮನೆ ದಂಡ. ನೆಗೆಟಿವ್ ಬದಿಗೆ ಬಂದು ಒಂದು ಪ್ರೋಬ್ ಬ್ಯಾಟರಿಯ ಮೈನಸ್ ಕಂಬದ ಮೇಲೆ, ಇನ್ನೊಂದು ಎಂಜಿನ್ನಿನ ಮೇಲೆ ಇಟ್ಟಾಗ 2.9. “ಅರ್ಥ್!” ಎಂದ ಮೆಕ್ಯಾನಿಕ್.

ಆಮೇಲಿನದು ಹೆಜ್ಜೆ ಹೆಜ್ಜೆಯ ಬೇಟೆ. ಕಂಬದಿಂದ ಕ್ಲಾಂಪಿಗೆ ಏನೂ ಇಲ್ಲ. ಕೇಬಲ್ಲಿನ ಈ ತುದಿಯಿಂದ ಆ ತುದಿಗೆ ಸ್ವಲ್ಪವೇ. ಕೇಬಲ್ಲಿನ ಕೊನೆಯ ಲಗ್ ಫ್ರೇಮಿಗೆ ಬೋಲ್ಟ್ ಆಗುವ ಜಾಗದಲ್ಲಿ, ಲಗ್ಗಿನಿಂದ ಫ್ರೇಮಿನ ಉಕ್ಕಿಗೆ ಕೆರೆದು ಹಿಡಿದ ಪ್ರೋಬಿಗೆ 2.6. ಒಂದು ಅಂಗುಲವೂ ಇಲ್ಲದ ಅಂತರ ಅದು. ಬೋಲ್ಟ್ ಬಿಚ್ಚಿದರೆ ಲಗ್ಗಿನ ಅಡಿಯಲ್ಲಿ ದಪ್ಪನೆಯ ಕಪ್ಪು ಬಣ್ಣ. ಮಾರುವ ಮುನ್ನ ಯಾರೋ ಫ್ರೇಮಿಗೆ ಮುಚ್ಚಟೆಯಿಂದ ಪೇಂಟ್ ಹೊಡೆಸಿ, ಅದರ ಮೇಲೆಯೇ ಅರ್ಥ್ ಬಿಗಿದಿದ್ದರು. ಅಷ್ಟು ದಿನ ಕರೆಂಟು ದಾಟುತ್ತಿದ್ದದ್ದು ಬೋಲ್ಟಿನ ಮರೆಯ ಕೆಲವೇ ಕೆಲವು ಎಳೆಗಳ ಮೂಲಕ, ಅವೂ ಮಳೆಗೆ ತುಕ್ಕು ಹಿಡಿಯುತ್ತಿದ್ದವು. ನಮ್ಮ ಹುಡುಗನ ಕಣ್ಣು ಸೆಳೆದದ್ದು ಇದೇ ಹೊಳಪು.

ಎಮರಿ ಕಾಗದದಲ್ಲಿ ಬೆಳ್ಳಗಾಗುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆವು. ಅದೇ ಜಾಗದಲ್ಲಿ ಈಗ 0.1. ಎಂಜಿನ್ ಬಟನ್ ಮುಟ್ಟಿದ್ದಕ್ಕೇ ಎದ್ದಿತು.

ಹಾಗಾದರೆ ಹಳೆಯ ಬ್ಯಾಟರಿಗಳು ಯಾಕೆ ಹಾಳಾದವು? ಎಂಜಿನ್ ಏಳದಿದ್ದಾಗ ಬಟನ್ ಹೆಚ್ಚು ಹೊತ್ತು ಒತ್ತುತ್ತಾರೆ, ಬ್ಯಾಟರಿ ಬರಿದಾಗುತ್ತದೆ. ಮನೆಯಿಂದ ಬಸ್‌ಸ್ಟ್ಯಾಂಡಿಗೆ ಹೋಗಿ ಬರುವ ಓಡಾಟದಲ್ಲಿ ಅದು ಮತ್ತೆ ತುಂಬುವುದಿಲ್ಲ. ಅರೆ ಚಾರ್ಜಿನಲ್ಲಿ ಉಳಿದ ಸೀಸದ ಬ್ಯಾಟರಿಯ ಒಳಗೆ ಏನಾಗುತ್ತದೆ ಎಂದು ತಿಳಿಯಲು ಗ್ಲಾಡ್‌ಸ್ಟನ್ ಮತ್ತು ಟ್ರೈಬ್ ಎಂಬ ಇಬ್ಬರು ಇಂಗ್ಲಿಷ್ ರಸಾಯನಶಾಸ್ತ್ರಜ್ಞರನ್ನು ನೆನೆಯಬೇಕು. ಗಾಸ್ಟನ್ ಪ್ಲಾಂಟೆ 1859ರಲ್ಲಿ ಸೀಸದ ಬ್ಯಾಟರಿ ಮಾಡಿದ ಎರಡು ದಶಕಗಳ ಮೇಲೆ, 1882ರಲ್ಲಿ, ಬ್ಯಾಟರಿ ಖಾಲಿಯಾಗುವಾಗ ಎರಡೂ ಬದಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ ಎಂದು ತೋರಿಸಿದವರು ಅವರು. ಬೇಗ ಚಾರ್ಜ್ ಮಾಡಿದರೆ ಆ ಸಲ್ಫೇಟ್ ಕರಗುತ್ತದೆ. ವಾರಗಟ್ಟಲೆ ಬಿಟ್ಟರೆ ದೊಡ್ಡ ಹರಳುಗಳಾಗಿ ಗಟ್ಟಿಯಾಗಿ, ಚಾರ್ಜರಿಗೂ ಜಗ್ಗದೆ ಕೂರುತ್ತದೆ. ಗ್ಯಾರೇಜಿನವರು ಬ್ಯಾಟರಿ ಕೆಟ್ಟಿದೆ ಎಂದದ್ದು ನಿಜವೇ. ಅದನ್ನು ಕೆಡಿಸುತ್ತಿದ್ದುದು ಬೇರೆ ಕಡೆ ಇತ್ತು.

ಅಲ್ಲಿಗೇ ಬಿಡಲಿಲ್ಲ. ಟ್ಯಾಂಕ್ ಎತ್ತಿ ನೋಡಿದಾಗ ಹಾರ್ನೆಸ್ಸಿನ ಇನ್ನೊಂದು ಅರ್ಥ್ ಬೋಲ್ಟ್ ಸಿಕ್ಕಿತು, ಅದರಡಿಯಲ್ಲೂ ಅದೇ ಬಣ್ಣ. ಅದನ್ನೂ ಉಜ್ಜಿದ ಮೇಲೆ, ಬ್ರೇಕ್ ಹಿಡಿದಾಗಲೆಲ್ಲ ಮಂಕಾಗುತ್ತಿದ್ದ ಇಂಡಿಕೇಟರ್ ಸರಿಯಾಗಿ ಮಿನುಗತೊಡಗಿತು. ಆ ತೊಂದರೆಗೆಂದು ಹುಡುಗ ಕೊಂಡಿದ್ದ ಹೊಸ ಫ್ಲ್ಯಾಶರ್ ಇನ್ನೂ ಪೊಟ್ಟಣದಲ್ಲೇ ಇತ್ತು, ಅಂಗಡಿಯವರು ವಾಪಸ್ ತೆಗೆದುಕೊಂಡರು.