ಅಲೆಗಳ ಮೇಲೆ ಸಂಜೆಯ ಮೇಳ

ಮಯಾಮಿ ಬಂದರಿನಲ್ಲಿ ವಾರಾಂತ್ಯದ ಮಧ್ಯಾಹ್ನವೆಂದರೆ ಜಾತ್ರೆಯ ಗದ್ದಲ. ಡಾಡ್ಜ್ ದ್ವೀಪದ ದಂಡೆಗೆ ಹತ್ತು ಹದಿನೈದು ಮಹಡಿ ಎತ್ತರದ ಬಿಳಿ ಹಡಗುಗಳು ಸಾಲಾಗಿ ನಿಂತಿರುತ್ತವೆ. ಬಿಸಿಲು ಇಳಿಯುವ ಹೊತ್ತಿಗೆ ಒಂದೊಂದೇ ಹಗ್ಗ ಬಿಚ್ಚಿಕೊಂಡು ಕೆರಿಬಿಯನ್ ಸಮುದ್ರದ ಕಡೆ ಹೊರಡುತ್ತವೆ. ಗವರ್ನಮೆಂಟ್ ಕಟ್ ಎಂಬ ಕಿರಿದಾದ ಕಾಲುವೆಯಲ್ಲಿ ಹಡಗು ನಿಧಾನವಾಗಿ ಸಾಗುವಾಗ ಎಡಗಡೆ ಸೌತ್ ಬೀಚಿನ ತುದಿಯ ಉದ್ಯಾನದಲ್ಲಿ ನಿಂತವರು ಕೈ ಬೀಸುತ್ತಾರೆ. ಮೇಲಿನ ಡೆಕ್ಕಿನಲ್ಲಿ ಕಟಾಂಜನ ಹಿಡಿದು ನಿಂತವರು ತಿರುಗಿ ಕೈ ಬೀಸುತ್ತಾರೆ. ಅಷ್ಟರಲ್ಲಿ ಈಜುಕೊಳದ ಪಕ್ಕದ ಪುಟ್ಟ ವೇದಿಕೆಯಿಂದ ಸ್ಟೀಲ್ ಪ್ಯಾನಿನ ನಾದ ಏಳುತ್ತದೆ. ಊರು ಬಿಟ್ಟೆವು, ರಜೆ ಶುರುವಾಯಿತು ಎಂದು ಜನರ ಮೈಗೆ ಗೊತ್ತಾಗುವುದು ಆ ಕ್ಷಣದಲ್ಲಿ.

ಈ ವಾದ್ಯವನ್ನು ಹತ್ತಿರ ಹೋಗಿ ನೋಡಬೇಕು. ಮೂಲದಲ್ಲಿ ಅದು ತೈಲ ತುಂಬುವ ಪೀಪಾಯಿಯ ತಳ. ಆ ತಗಡನ್ನು ಸುತ್ತಿಗೆಯಿಂದ ಬಡಿದು ಬಡಿದು ಒಳಕ್ಕೆ ತಗ್ಗಿಸಿ, ಸ್ವರಕ್ಕೊಂದರಂತೆ ಉಬ್ಬುಗಳನ್ನು ಎಬ್ಬಿಸಿ, ಬೆಂಕಿಯಲ್ಲಿ ಕಾಯಿಸಿ, ಮತ್ತೆ ಸಣ್ಣ ಸುತ್ತಿಗೆ ಹಿಡಿದು ಶ್ರುತಿ ಕೂಡಿಸುತ್ತಾರೆ. ದೊಡ್ಡ ಉಬ್ಬುಗಳು ಅಂಚಿನಲ್ಲಿ, ಕೆಳಗಿನ ಸ್ವರಗಳಿಗೆ. ಚಿಕ್ಕವು ನಡುವಿನಲ್ಲಿ, ಮೇಲಿನ ಸ್ವರಗಳಿಗೆ. ವಾದಕನ ಕೈಯಲ್ಲಿ ತುದಿಗೆ ರಬ್ಬರು ಸುತ್ತಿದ ಎರಡು ಗಿಡ್ಡ ಕೋಲುಗಳು. ಒಂದು ಸ್ವರವನ್ನು ನೀಳವಾಗಿ ನಿಲ್ಲಿಸಬೇಕಾದರೆ ಒಂದೇ ಉಬ್ಬಿನ ಮೇಲೆ ಎರಡೂ ಕೋಲುಗಳನ್ನು ಕಣ್ಣಿಗೆ ಕಾಣದಷ್ಟು ಬೇಗ ಬೇಗ ಆಡಿಸುತ್ತಾನೆ. ನೂರು ಪೆಟ್ಟುಗಳು ಕೂಡಿ ಒಂದೇ ಎಳೆಯಾಗಿ ಕೇಳುತ್ತವೆ.

ಟ್ರಿನಿಡಾಡ್ ದ್ವೀಪದ ಬಡ ಬೀದಿಗಳಲ್ಲಿ ಹುಟ್ಟಿದ ವಾದ್ಯ ಇದು. ಗುಲಾಮರ ಸಂತತಿಯವರು ಡೋಲು ಬಾರಿಸುವುದಕ್ಕೆ ಬ್ರಿಟಿಷ್ ಆಡಳಿತ ಕಡಿವಾಣ ಹಾಕಿದಾಗ ಅವರು ಬಿದಿರಿನ ತುಂಡುಗಳನ್ನು ನೆಲಕ್ಕೆ ಕುಟ್ಟಿ ತಾಳ ಹಾಕಿದರು. ಮುಂದೆ ಬಿಸ್ಕತ್ತಿನ ಡಬ್ಬ ಬಂತು, ಅದರ ಬೆನ್ನಿಗೆ ತೈಲದ ಪೀಪಾಯಿ. 1940ರ ದಶಕದ ಹೊತ್ತಿಗೆ ಅದರಲ್ಲಿ ಪೂರ್ಣ ಹಾಡುಗಳನ್ನೇ ನುಡಿಸುವಂತಾಯಿತು. 1992ರಲ್ಲಿ ಅದು ಟ್ರಿನಿಡಾಡ್ ಮತ್ತು ಟೊಬ್ಯಾಗೊ ದೇಶದ ರಾಷ್ಟ್ರೀಯ ವಾದ್ಯವಾಯಿತು. ಈಜುಕೊಳದ ಬದಿಯಲ್ಲಿ ತಂಪು ಪಾನೀಯ ಹೀರುತ್ತ ಒರಗಿದವರ ಕಿವಿಗೆ ಬೀಳುವ ಈ ಹಗುರ ನಾದದ ಹಿಂದೆ ಬಾಯಿ ಮುಚ್ಚಿಸಿದರೂ ಹಾಡುವುದನ್ನು ಬಿಡದ ಜನರ ಹಟವಿದೆ.

ಸೂರ್ಯ ಮುಳುಗುತ್ತಲೇ ಸಂಗೀತ ಡೆಕ್ಕಿನಿಂದ ಒಳಗೆ ಇಳಿಯುತ್ತದೆ. ಐದಾರು ಮಹಡಿಗಳನ್ನು ಒಂದೇ ಅಂಗಳಕ್ಕೆ ತೆರೆದಿಡುವ ಏಟ್ರಿಯಂ ಇಂದು ದೊಡ್ಡ ಹಡಗುಗಳಲ್ಲೆಲ್ಲ ಇದೆ. 1988ರಲ್ಲಿ ಮೊದಲ ಯಾನ ಹೊರಟ ‘ಸಾವರಿನ್ ಆಫ್ ದಿ ಸೀಸ್’ ಈ ವಿನ್ಯಾಸಕ್ಕೆ ಹೆಸರು ತಂದ ಹಡಗು. ಗಾಜಿನ ಲಿಫ್ಟುಗಳು ಏರಿಳಿಯುತ್ತಿರುತ್ತವೆ. ಊಟಕ್ಕೆ ಒಪ್ಪವಾಗಿ ಉಟ್ಟು ತೊಟ್ಟು ಬಂದವರು ಮೆಟ್ಟಿಲ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕೆಳಗೆ ಒಂದು ಮೂಲೆಯಲ್ಲಿ ಪಿಟೀಲು, ಚೆಲ್ಲೊ, ಪಿಯಾನೊ. ಅಲೆಗೆ ಜಾರದಂತೆ ಪಿಯಾನೊವನ್ನು ನೆಲಕ್ಕೆ ಬಿಗಿದಿರುತ್ತಾರೆ. ಹೊರಗೆ ಉಪ್ಪುಗಾಳಿಯ ಸೆಕೆ, ಒಳಗೆ ಹವಾನಿಯಂತ್ರಣದ ಒಣ ಚಳಿ. ಎರಡರ ನಡುವೆ ಪಿಟೀಲಿನ ಬಿರಡೆ ಸಡಿಲಗೊಳ್ಳುತ್ತದೆ, ತಂತಿ ಇಳಿಯುತ್ತದೆ. ವಾದಕಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವಷ್ಟರಲ್ಲಿ ಕಿವಿಯನ್ನು ವಾದ್ಯಕ್ಕೆ ಬಾಗಿಸಿ ಬಿರಡೆಯನ್ನು ಎಳ್ಳಷ್ಟೇ ತಿರುಗಿಸುತ್ತಾಳೆ. ಅದನ್ನು ಗಮನಿಸುವವರು ಕಡಿಮೆ.

ಹಡಗಿನ ವಾದ್ಯಗಾರರ ಮಾತು ಬಂದಾಗ ಟೈಟಾನಿಕ್ ನೆನಪಾಗದೆ ಇರದು. 1912ರ ಆ ಯಾನದಲ್ಲಿ ಎಂಟು ಮಂದಿ ವಾದಕರಿದ್ದರು. ಐವರದು ಒಂದು ಮೇಳ, ಮೂವರದು ಇನ್ನೊಂದು. ನಾಯಕ ವಾಲೆಸ್ ಹಾರ್ಟ್ಲಿ, ಪಿಟೀಲುಗಾರ. ಹಡಗಿನ ಕಂಪನಿಯ ಪುಸ್ತಕದಲ್ಲಿ 350ಕ್ಕೂ ಹೆಚ್ಚು ರಚನೆಗಳ ಪಟ್ಟಿ ಇತ್ತು. ಯಾತ್ರಿಕರು ಕೇಳಿದ್ದನ್ನು ತಡವರಿಸದೆ ನುಡಿಸಬೇಕಿತ್ತು. ಏಪ್ರಿಲ್ 15ರ ನಸುಕಿನಲ್ಲಿ ಹಡಗು ಮುಳುಗುವಾಗ ಜನ ಗಾಬರಿಗೊಳ್ಳದಿರಲೆಂದು ಅವರು ನುಡಿಸುತ್ತಲೇ ಇದ್ದರು. ಎಂಟು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಇಷ್ಟನ್ನು ಜಗತ್ತೇ ಬಲ್ಲದು. ಆಮೇಲೆ ನಡೆದದ್ದನ್ನೂ ತಿಳಿಯಬೇಕು. ಈ ವಾದಕರನ್ನು ಹಡಗಿಗೆ ಒದಗಿಸಿದ್ದು ಲಿವರ್‌ಪೂಲಿನ ಒಂದು ಏಜೆನ್ಸಿ. ಅವರು ಎರಡನೇ ದರ್ಜೆಯ ಯಾತ್ರಿಕರಾಗಿ ನಮೂದಾಗಿದ್ದರು. ಹಾಗಾಗಿ ಪರಿಹಾರದ ಪ್ರಶ್ನೆ ಬಂದಾಗ ಹಡಗಿನ ಕಂಪನಿಯೂ ಏಜೆನ್ಸಿಯೂ ಜವಾಬ್ದಾರಿಯನ್ನು ಒಬ್ಬರ ಮೇಲೊಬ್ಬರು ಹಾಕಿಕೊಂಡು ಕೈ ತೊಳೆದುಕೊಂಡರು. ತೀರಿಹೋದ ಯುವ ಪಿಟೀಲುಗಾರನೊಬ್ಬನ ತಂದೆಗೆ ಸಮವಸ್ತ್ರದ ಬಾಕಿ ಕಟ್ಟಿರೆಂದು ಏಜೆನ್ಸಿಯಿಂದ ಪತ್ರ ಬಂತು. ಆ ಕುಟುಂಬಗಳ ಕೈ ಹಿಡಿದವರು ಸಹವಾದಕರು. ಅದೇ ವರ್ಷ ಮೇ 24ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನೂರಾರು ವಾದಕರು ಸೇರಿ ಸ್ಮಾರಕ ಕಛೇರಿ ನಡೆಸಿದರು. ಎಡ್ವರ್ಡ್ ಎಲ್ಗರ್, ಹೆನ್ರಿ ವುಡ್, ಥಾಮಸ್ ಬೀಚಮ್‌ರಂಥ ದಿಗ್ಗಜರು ಅದನ್ನು ನಿರ್ದೇಶಿಸಿದರು.

ಇಂದಿನ ಹಡಗಿಗೆ ಮರಳೋಣ. ಎಂಟೂವರೆಗೆ ಮುಖ್ಯ ರಂಗಮಂದಿರದ ಬಾಗಿಲು ತೆರೆಯುತ್ತದೆ. ಸಾವಿರಕ್ಕೂ ಹೆಚ್ಚು ಕುರ್ಚಿಗಳ ರಂಗಮಂದಿರಗಳು ಈಗಿನ ಹಡಗುಗಳಲ್ಲಿ ಸಾಮಾನ್ಯ. ಇಲ್ಲಿ ನುಡಿಸುವುದು ಹಡಗಿನ ಖಾಯಂ ಮೇಳ: ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೊಫೋನ್, ಕೀಬೋರ್ಡ್, ಗಿಟಾರ್, ಬಾಸ್, ಡ್ರಮ್ಸ್. ಇವತ್ತು ನರ್ತಕರ ಪ್ರದರ್ಶನ, ನಾಳೆ ಅತಿಥಿ ಗಾಯಕಿ, ನಾಡಿದ್ದು ಜಾದೂಗಾರ. ಅತಿಥಿ ಬರುವಾಗ ತಮ್ಮ ಸ್ವರಲಿಪಿಯ ಹಾಳೆಗಳನ್ನು ತರುತ್ತಾರೆ. ಮಧ್ಯಾಹ್ನ ಒಂದು ತಾಲೀಮು, ರಾತ್ರಿ ಪ್ರದರ್ಶನ. ಮೊದಲ ಬಾರಿ ಕಣ್ಣಿಗೆ ಬಿದ್ದ ಹಾಳೆಯನ್ನು ಓದುತ್ತಲೇ ನುಡಿಸಬಲ್ಲವರಿಗೆ ಮಾತ್ರ ಈ ಕೆಲಸ. ಡ್ರಮ್ಸ್ ನುಡಿಸುವವನ ಕಿವಿಯಲ್ಲಿ ಒಂದು ಇಯರ್‌ಫೋನ್ ಇರುತ್ತದೆ. ಅದರಲ್ಲಿ ಟಿಕ್ ಟಿಕ್ ಎಂಬ ತಾಳದ ಎಣಿಕೆ. ದೀಪಗಳು ಬದಲಾಗುವುದು, ರಂಗಸಜ್ಜಿಕೆ ಸರಿಯುವುದು, ಮೊದಲೇ ಧ್ವನಿಮುದ್ರಿಸಿಟ್ಟ ಹೆಚ್ಚುವರಿ ತಂತಿವಾದ್ಯಗಳು ಸೇರಿಕೊಳ್ಳುವುದು ಎಲ್ಲವೂ ಆ ಎಣಿಕೆಗೆ ಕಟ್ಟುಬಿದ್ದಿರುತ್ತವೆ. ನೆಲ ಓಲಾಡುತ್ತಿದ್ದರೂ ಅವನು ಲಯ ಬಿಡುವಂತಿಲ್ಲ. ಯಂತ್ರದ ತಾಳಕ್ಕೆ ಮನುಷ್ಯರ ಉಸಿರು ತುಂಬುವ ಹೊಣೆ ಅವನದು.

ಹಡಗೇ ಎಷ್ಟೋ ವಾದಕರಿಗೆ ಪಾಠಶಾಲೆಯಾಗಿದೆ. ಜಾಝ್ ಲೋಕದ ಮಹಾನ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಹದಿಹರೆಯ ಮುಗಿಸುವ ವಯಸ್ಸಿನಲ್ಲಿ ಮಿಸಿಸಿಪಿ ನದಿಯ ವಿಹಾರ ಹಡಗುಗಳಲ್ಲಿ ನುಡಿಸುತ್ತಿದ್ದರು. ಸ್ಟ್ರೆಕ್‌ಫಸ್ ಕಂಪನಿಯ ಆ ಹಡಗುಗಳಲ್ಲಿ ಮೇಳದ ನಾಯಕ ಫೇಟ್ ಮರೇಬಲ್ ಬಲು ಶಿಸ್ತಿನ ಮನುಷ್ಯ. ಕಿವಿಯಲ್ಲಿ ಕೇಳಿ ನುಡಿಸಿದರೆ ಸಾಲದು, ಸ್ವರಲಿಪಿ ಓದಬೇಕು ಎಂಬುದು ಅವರ ಕಟ್ಟಪ್ಪಣೆ. ಆರ್ಮ್‌ಸ್ಟ್ರಾಂಗ್ ಲಿಪಿ ಓದುವುದರಲ್ಲಿ ಪಳಗಿದ್ದು ಆ ನದಿಯ ಮೇಲೆಯೇ.

ಎರಡನೇ ಮಹಾಯುದ್ಧದ ನಂತರ ಇಂಥದೇ ಪಾಠ ಅಟ್ಲಾಂಟಿಕ್ ಮೇಲೆ ನಡೆಯಿತು. ಲಂಡನ್ನಿನ ವಾದ್ಯಮೇಳದ ನಾಯಕ ಜೆರಾಲ್ಡೊ, ಕುನಾರ್ಡ್ ಕಂಪನಿಯ ಹಡಗುಗಳಿಗೆ ವಾದಕರನ್ನು ಒದಗಿಸುತ್ತಿದ್ದರು. ಜನ ಅದನ್ನು ‘ಜೆರಾಲ್ಡೊನ ನೌಕಾಪಡೆ’ ಎಂದೇ ಕರೆದರು. ರೋನಿ ಸ್ಕಾಟ್, ಜಾನ್ ಡ್ಯಾಂಕ್‌ವರ್ತ್ ಮುಂತಾದ ಯುವಕರು ‘ಕ್ವೀನ್ ಮೇರಿ’ಯಂಥ ಹಡಗುಗಳಲ್ಲಿ ರಾತ್ರಿಯೆಲ್ಲ ನೃತ್ಯಕ್ಕೆ ನುಡಿಸಿ, ನ್ಯೂಯಾರ್ಕ್ ಮುಟ್ಟಿದ ಕೂಡಲೇ 52ನೇ ಬೀದಿಯ ಕ್ಲಬ್ಬುಗಳಿಗೆ ಓಡುತ್ತಿದ್ದರು. ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್‌ರನ್ನು ಕಣ್ಣಾರೆ ಕಂಡು ಕಿವಿಯಾರೆ ಕೇಳುವ ಆಸೆ ಅವರದು. ಸ್ಕಾಟ್ 1959ರಲ್ಲಿ ಲಂಡನ್ನಿನಲ್ಲಿ ತೆರೆದ ಜಾಝ್ ಕ್ಲಬ್ ಇಂದಿಗೂ ಅವರ ಹೆಸರಿನಲ್ಲೇ ನಡೆಯುತ್ತಿದೆ.

ರಾತ್ರಿ ಹತ್ತು ದಾಟಿದ ಮೇಲೆ ಹಡಗಿನ ನಿಜವಾದ ಕಳೆ ಲೌಂಜುಗಳಲ್ಲಿ. ಅಲ್ಲಿ ಬಹಳ ಸಲ ಕಾಣಸಿಗುವುದು ಫಿಲಿಪೀನ್ಸಿನ ಬ್ಯಾಂಡ್. ಮುನ್ನೂರು ವರ್ಷಗಳ ಸ್ಪೇನ್ ಆಳ್ವಿಕೆಯ ಚರ್ಚ್ ಗಾಯನ, 1898ರ ನಂತರ ಅಮೆರಿಕನ್ನರು ತಂದ ಬ್ಯಾಂಡ್ ಸಂಗೀತ, ಎರಡನ್ನೂ ಅರಗಿಸಿಕೊಂಡ ನಾಡು ಅದು. ನೂರು ವರ್ಷಗಳ ಹಿಂದೆಯೇ ಶಾಂಘೈ, ಹಾಂಗ್‌ಕಾಂಗ್ ನೃತ್ಯಶಾಲೆಗಳಲ್ಲಿ ಫಿಲಿಪಿನೊ ವಾದಕರು ಬೇಡಿಕೆಯಲ್ಲಿದ್ದರು. ಇಂದು ಅವರ ಮೊಮ್ಮಕ್ಕಳ ಕಾಲದವರು ಮುಕ್ಕಾಲು ಗಂಟೆ ನುಡಿಸಿ, ಕಾಲು ಗಂಟೆ ವಿರಾಮ ಪಡೆದು, ಮತ್ತೆ ನುಡಿಸುತ್ತ ನಡುರಾತ್ರಿ ದಾಟಿಸುತ್ತಾರೆ.

ಲೌಂಜಿನಲ್ಲಿ ವೇದಿಕೆಗೆ ಹತ್ತಿರದ ಕುರ್ಚಿ ಹಿಡಿದು ಕುಳಿತರೆ ಅವರ ಕಸುಬು ಕಾಣುತ್ತದೆ. ಬಿಳಿ ಕೂದಲಿನ ದಂಪತಿ ಚೀಟಿಯೊಂದನ್ನು ಕೊಡುತ್ತಾರೆ; ತಮ್ಮ ಮದುವೆಯ ದಿನ ಕುಣಿದ ಹಾಡು. ಗಾಯಕಿ ಚೀಟಿ ಓದಿ ಕೀಬೋರ್ಡಿನವನ ಕಡೆ ಎರಡು ಬೆರಳು ತೋರಿಸುತ್ತಾಳೆ. ಅಷ್ಟಕ್ಕೇ ಶ್ರುತಿ ತೀರ್ಮಾನವಾಯಿತು. ಅಜ್ಜ ಅಜ್ಜಿ ನೆಲಕ್ಕಿಳಿದು ಎರಡು ಹೆಜ್ಜೆ ಹಾಕುವಷ್ಟರಲ್ಲಿ ಬಾಸ್ ಗಿಟಾರಿನವನ ಕಣ್ಣು ಅವರ ಪಾದದ ಮೇಲಿದೆ. ಹಾಡಿನ ಲಯ ಅವರ ಮೊಣಕಾಲಿಗೆ ಕೊಂಚ ಬಿರುಸು. ಅವನು ತಲೆ ಆಡಿಸಿದ್ದೇ ತಡ, ಡ್ರಮ್ಮರ್ ಕೋಲು ಕೆಳಗಿಟ್ಟು ತಂತಿಕುಂಚ ಎತ್ತಿಕೊಳ್ಳುತ್ತಾನೆ, ಲಯ ಕೂದಲೆಳೆಯಷ್ಟು ಇಳಿಯುತ್ತದೆ. ಅಜ್ಜನ ಭುಜದ ಬಿಗಿ ಸಡಿಲುತ್ತದೆ. ಹಾಡಿನ ಕೊನೆಯ ಚರಣ ಮುಗಿದರೂ ಮೇಳ ನಿಲ್ಲುವುದಿಲ್ಲ. ಇಬ್ಬರೂ ಇನ್ನೂ ಕುಣಿಯುತ್ತಿದ್ದಾರೆ, ಹಾಗಾಗಿ ಗಿಟಾರಿನವನು ಪಲ್ಲವಿಯನ್ನು ಮತ್ತೊಂದು ಸುತ್ತು ತರುತ್ತಾನೆ. ಧ್ವನಿಮುದ್ರಿಕೆ ತನ್ನ ಹೊತ್ತಿಗೆ ಮುಗಿದುಹೋಗುತ್ತದೆ. ಮನುಷ್ಯರ ಮೇಳ ಎದುರಿಗಿದ್ದವರು ಸಾಕೆನ್ನುವವರೆಗೆ ಕಾಯುತ್ತದೆ.

ಕಡಲು ಕೆರಳಿದ ರಾತ್ರಿಗಳೂ ಉಂಟು. ಹಡಗು ಒಂದು ಬದಿಗೆ ವಾಲಿದಾಗ ಕುಣಿಯುತ್ತಿದ್ದವರೆಲ್ಲ ಒಟ್ಟಿಗೆ ಎಡಕ್ಕೆ ಜರುಗುತ್ತಾರೆ, ಮತ್ತೆ ಒಟ್ಟಿಗೆ ಬಲಕ್ಕೆ. ಮೈಕಿನ ಕಂಬಕ್ಕೆ ಆತುಕೊಂಡ ಗಾಯಕಿ ಒಂದು ಅಕ್ಷರವನ್ನೂ ನುಂಗುವುದಿಲ್ಲ. ಹೊಟ್ಟೆ ತೊಳಸುತ್ತಿದ್ದ ಯಾತ್ರಿಕರು ಅವಳ ಮುಖ ನೋಡಿ ಧೈರ್ಯ ತಂದುಕೊಳ್ಳುತ್ತಾರೆ.

ಒಂದು ಗಂಟೆಗೆ ದೀಪ ಆರಿದ ಮೇಲೆ ಈ ಕಲಾವಿದರು ಸಿಬ್ಬಂದಿಯ ಮೆಟ್ಟಿಲು ಹಿಡಿದು ಕೆಳಗಿಳಿಯುತ್ತಾರೆ. ಹೆಚ್ಚಿನವರಿಗೆ ಕಿಟಕಿಯಿಲ್ಲದ ಕೋಣೆ, ಒಂದರ ಮೇಲೊಂದು ಮಂಚ, ಕೋಣೆಗೆ ಇಬ್ಬರು. ಕರಾರು ಸಾಮಾನ್ಯವಾಗಿ ಆರು ತಿಂಗಳ ಆಸುಪಾಸು. ಅಪಾಯದ ಕವಾಯತಿನಲ್ಲಿ ಅವರಿಗೂ ಕೆಲಸ ಹಂಚಿರುತ್ತಾರೆ. ಲೈಫ್‌ಜಾಕೆಟ್ ಹಂಚುವುದು, ಜನರಿಗೆ ದಾರಿ ತೋರಿಸುವುದು ಬರಬೇಕು. ಟೈಟಾನಿಕ್ ಕಾಲಕ್ಕೆ ಹೋಲಿಸಿದರೆ ಒಂದು ದೊಡ್ಡ ವ್ಯತ್ಯಾಸ ಮಾತ್ರ ಆಗಿದೆ. 2013ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ ಕರಾರಿನ ಮೇಲೆ ಹಡಗಿನಲ್ಲೇ ದುಡಿಯುವ ಕಲಾವಿದರನ್ನೂ ಸಾಮಾನ್ಯವಾಗಿ ನಾವಿಕರೆಂದೇ ಎಣಿಸುತ್ತಾರೆ. ವೇತನ, ವಿಶ್ರಾಂತಿ, ಚಿಕಿತ್ಸೆ, ಮನೆಗೆ ಮರಳುವ ಖರ್ಚು ಇವೆಲ್ಲ ಹಕ್ಕಿನ ಬಾಬತ್ತು. ಹಾರ್ಟ್ಲಿ ಮತ್ತು ಸಂಗಡಿಗರ ಮನೆಯವರಿಗೆ ಸಿಗದೆ ಹೋದ ನ್ಯಾಯದ ಒಂದು ಪಾಲು ಇದು. ಆದರೂ 2020ರ ಮಾರ್ಚಿನಲ್ಲಿ ಕೋವಿಡ್ಡಿನಿಂದ ಹಡಗುಗಳು ನಿಂತಾಗ ಸಾವಿರಾರು ಸಿಬ್ಬಂದಿ ತಿಂಗಳುಗಟ್ಟಲೆ ಕಡಲಿನಲ್ಲೇ ಸಿಕ್ಕಿಬಿದ್ದರು. ವಾದಕರೂ ಅವರಲ್ಲಿದ್ದರು.

ಈ ಲೋಕ ನಮ್ಮ ಕರಾವಳಿಗೆ ದೂರದ್ದಲ್ಲ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳ ಮಕ್ಕಳು ಇಂಥ ಹಡಗುಗಳ ಅಡುಗೆಮನೆಯಲ್ಲಿ, ಊಟದ ಸಾಲೆಯಲ್ಲಿ, ಕೋಣೆಗಳ ಉಸ್ತುವಾರಿಯಲ್ಲಿ ದುಡಿಯುತ್ತಾರೆ. ಪಣಂಬೂರಿನ ನವಮಂಗಳೂರು ಬಂದರಿಗೆ ಋತುವಿನಲ್ಲಿ ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆ. ಇಳಿದವರನ್ನು ಯಕ್ಷಗಾನದ ವೇಷಗಳು ಎದುರುಗೊಳ್ಳುವುದೂ ಉಂಟು. 2021ರ ಸೆಪ್ಟೆಂಬರಿನಿಂದ ಕಾರ್ಡೇಲಿಯಾ ಕಂಪನಿಯ ‘ಎಂಪ್ರೆಸ್’ ಮುಂಬೈಯಿಂದ ಗೋವಾ, ಲಕ್ಷದ್ವೀಪಗಳ ಕಡೆಗೆ ಯಾನ ಶುರು ಮಾಡಿದ ಮೇಲೆ ಹಡಗಿನ ಸಂಜೆ ಕನ್ನಡದ ಕುಟುಂಬಗಳಿಗೂ ಎಟುಕುವಂಥದ್ದಾಗಿದೆ.

ಧ್ವನಿಮುದ್ರಿತ ಸಂಗೀತ ಅಗ್ಗ, ಅದಕ್ಕೆ ಊಟ ಬೇಡ, ಮಂಚ ಬೇಡ. ಖರ್ಚಿನ ಲೆಕ್ಕ ನೋಡುವವರಿಗೆ ಮೇಳದ ಒಂದು ಕುರ್ಚಿ ತೆಗೆದು ಅಲ್ಲಿ ಯಂತ್ರ ಇಡುವುದು ಸುಲಭ. ಹಾಗೆ ಮಾಡಿದರೆ ಹಡಗಿನ ಸಂಜೆಯ ಜೀವವೇ ಹೋಗುತ್ತದೆ. ನೆಲ ಕಾಣದ ನೀರಿನ ನಡುವೆ ಅಪರಿಚಿತರನ್ನು ಒಂದು ರಾತ್ರಿಯ ಮಟ್ಟಿಗೆ ಒಂದೂರಿನವರನ್ನಾಗಿ ಮಾಡುವ ಶಕ್ತಿ ಎದುರಿಗೆ ಕುಳಿತು ನುಡಿಸುವವರಿಗಿದೆ, ಪೆಟ್ಟಿಗೆಗಿಲ್ಲ.

ಆದ್ದರಿಂದ ಹಡಗು ಹತ್ತುವವರಲ್ಲಿ ಒಂದು ಮಾತು. ಮೇಳದ ಮುಂದೆ ಬಿರಬಿರನೆ ಹಾದುಹೋಗಬೇಡಿ. ಕುಳಿತು ಕೇಳಿ, ಹಾಡು ಮುಗಿದಾಗ ಕೈ ತುಂಬ ಚಪ್ಪಾಳೆ ತಟ್ಟಿ. ಬ್ಯಾಂಡಿನ ಹೆಸರು ಕೇಳಿ ತಿಳಿದುಕೊಂಡು, ಇಳಿಯುವ ಮುನ್ನ ಕೊಡುವ ಅಭಿಪ್ರಾಯದ ನಮೂನೆಯಲ್ಲಿ ಆ ಹೆಸರನ್ನು ತಪ್ಪದೆ ಬರೆಯಿರಿ. ಮುಂದಿನ ಯಾನದಲ್ಲಿ ಯಾರು ನುಡಿಸಬೇಕೆಂದು ನಿರ್ಧರಿಸುವವರು ಅದನ್ನು ಓದುತ್ತಾರೆ.